ಪತ್ರಿಕೋದ್ಯಮಿ ಡಾ. ಡಿ.ವಿ. ಗುಂಡಪ್ಪ (1887–1975)

ಡಿ.ವಿ. ಗುಂಡಪ್ಪನವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ತೇರ್ಗಡೆಯಾಗದ ಕಾರಣ ಅವರಿಗೆ ವಿಶ್ವವಿದ್ಯಾನಿಲಯದ ಶಿಕ್ಷಣ ದೊರೆಯಲಿಲ್ಲ. ಬೆಂಗಳೂರಿನ ಪತ್ರಿಕೆಗಳಲ್ಲಿ ದುಡಿಯುತ್ತಲೇ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಸ್ವಪ್ರಯತ್ನದಿಂದ ಅಭ್ಯಸಿಸಿದರು.

ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ಕಾಯಿದೆಯಿಂದಾಗಿ ಹಲವು ಪತ್ರಿಕೆಗಳು ನಿಂತುಹೋದವು. ಕಾಯಿದೆ ಜಾರಿಯಲ್ಲಿದ್ದಾಗಲೇ, 1913ರಲ್ಲಿ, ಶ್ರೀಯುತರು ‘ದಿ ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ ಆಡಳಿತದ ವಿಷಯಗಳನ್ನು ವಿಮರ್ಶಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಜರುಗಿದ ಕರ್ನಾಟಕ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೂ ರಚಿಸಿದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ರಾಜ್ಯಾಂಗ ಮತ್ತು ಸಾರ್ವಜನಿಕ ವಿಷಯಗಳ ಅಧ್ಯಯನಕ್ಕೆ ನೆಲೆ ಒದಗಿಸಿದರು.

1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಶಿಕ್ಷಣ ಪ್ರಾರಂಭವಾಯಿತು. ಇಂತಹ ಶಿಕ್ಷಣ ಏನನ್ನು ಕಲಿಸಬೇಕೆಂಬುದಕ್ಕೆ ಗುಂಡಪ್ಪನವರ ಬದುಕೇ ಮಾದರಿ. ಸುದ್ದಿ ಬರೆಯುವ ಕೌಶಲ ಅಭ್ಯಾಸದಿಂದ ಬರುತ್ತದೆ. ಆದರೆ ಕಾಯಿದೆಯನ್ನೂ ಆಯವ್ಯಯವನ್ನೂ ಓದಿ ಅರ್ಥಮಾಡಿಕೊಳ್ಳಲಾರದ ವರದಿಗಾರನು ಜನರ ಪರವಾಗಿ ಆಡಳಿತವನ್ನು ಪ್ರಶ್ನಿಸಲಾರನು. ಆದುದರಿಂದ ಭಾಷಾಶುದ್ಧಿಯೊಡನೆ ಇತಿಹಾಸ, ಕಾನೂನು, ಅರ್ಥಶಾಸ್ತ್ರಗಳ ಜ್ಞಾನವೂ ನಿಷ್ಪಕ್ಷಪಾತ ಬುದ್ಧಿಯೂ ಪಠ್ಯಕ್ರಮದ ತಳಹದಿಯಾಗಬೇಕು.

1974ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದ ಶ್ರೀಯುತರು 1975ರ ಅಕ್ಟೋಬರ್ 7ರಂದು ನಿಧನರಾದರು.