ಮಸ್ಕಿಯ ಅಶೋಕ: ಕಟ್ಟಳೆ ಎಷ್ಟು, ಜನರ ಇಷ್ಟ ಎಷ್ಟು?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಶೋಕನ ಹೆಸರಿರುವ ಏಕೈಕ ಶಾಸನ ಇಲ್ಲಿದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದು ಅರ್ಧ ಸತ್ಯ.

1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಈ ಬಂಡೆಬರಹವನ್ನು ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆತ ಅಶೋಕನೇ ಎನ್ನುವುದಕ್ಕೆ ಕಲ್ಲಿನ ಸಾಕ್ಷಿ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಹೆಸರು ಸಿಕ್ಕಿತು. ಹಾಗಾಗಿ ಮಸ್ಕಿ ಮೊದಲನೆಯದು, ಏಕೈಕವಲ್ಲ. ಭಾಷೆಯೂ ಕನ್ನಡವಲ್ಲ, ಬ್ರಾಹ್ಮಿ ಲಿಪಿಯ ಪ್ರಾಕೃತ.

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಸುಮಾರು ಕ್ರಿ.ಪೂ. 268ರಿಂದ 232ರವರೆಗೆ ಆಳಿದ. 99 ಸೋದರರನ್ನು ಕೊಂದು ಪಟ್ಟಕ್ಕೇರಿದ ಎಂಬ ಕಥೆ ಶತಮಾನಗಳ ನಂತರದ ಬೌದ್ಧ ಗ್ರಂಥಗಳದ್ದು. ಅವನ ಶಾಸನವೊಂದರಲ್ಲೇ ಸೋದರ ಸೋದರಿಯರ ಮನೆಗಳ ಪ್ರಸ್ತಾಪವಿದೆ!

ಪಟ್ಟಾಭಿಷೇಕವಾಗಿ 8 ವರ್ಷಕ್ಕೆ ಕಳಿಂಗ ಯುದ್ಧ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಅವನೇ ಬರೆಸಿದ್ದಾನೆ. ಮರುದಿನವೇ ಸಂತನಾದ ಎಂದು ಸಿನಿಮಾದವರು ತೋರಿಸುತ್ತಾರೆ. ಆದರೆ ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ನಮಗೆ ಹೆಚ್ಚು ಕುತೂಹಲ ಅವನ ಆಡಳಿತದ ಬಗ್ಗೆ. ಇಂದು ಆ್ಯಪ್ ಮಾಡುವವರಿಗೆ ಇರುವ ತಲೆನೋವೇ ಅವನಿಗೂ ಇತ್ತು: ಬಳಸುವವರನ್ನು ಕಟ್ಟಿಹಾಕಬೇಕೋ, ಅವರಿಗೇ ಬಿಡಬೇಕೋ? ಅಶೋಕ ಎರಡನ್ನೂ ಮಾಡಿದ. ಗಿಳಿ, ಮೈನಾ, ಬಾವಲಿ ಮುಂತಾದ ಪ್ರಾಣಿಗಳನ್ನು ಕೊಲ್ಲಬಾರದೆಂದು ಪಟ್ಟಿಯನ್ನೇ ಹೊರಡಿಸಿದ. ಧರ್ಮ ಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ. ಆದರೆ 27ನೇ ವರ್ಷದ ದೆಹಲಿ-ತೋಪ್ರಾ ಸ್ತಂಭಶಾಸನದಲ್ಲಿ ಲೆಕ್ಕ ಹಾಕಿ ನೋಡುತ್ತಾನೆ: ಜನ ಬದಲಾದದ್ದು ಕಟ್ಟಳೆಗಿಂತ ಹೆಚ್ಚಾಗಿ ಮನವೊಲಿಕೆಯಿಂದ. ಮಸ್ಕಿಯ ಬರಹದ ಸಾರವೂ ಹತ್ತಿರದ್ದೇ. ಶ್ರಮಪಟ್ಟರೆ ಚಿಕ್ಕವರೂ ಮೇಲೇರಬಹುದು, ಇದು ದೊಡ್ಡವರಿಗಷ್ಟೇ ಅಲ್ಲ ಎನ್ನುತ್ತದೆ.

ಹಾಗೆಂದು ಅವನನ್ನು ಪೂರ್ತಿ ಮೃದು ರಾಜ ಎಂದುಕೊಳ್ಳಬೇಡಿ. ಮರಣದಂಡನೆಯನ್ನು ತೆಗೆಯಲಿಲ್ಲ, ಶಿಕ್ಷೆಗೆ ಮುಂಚೆ 3 ದಿನ ಗಡುವು ಕೊಟ್ಟ, ಅಷ್ಟೇ. ಕಾಡಿನ ಜನರಿಗೆ ತನ್ನ ಪಶ್ಚಾತ್ತಾಪದ ಜೊತೆಗೆ ಶಕ್ತಿಯನ್ನೂ ನೆನಪಿಸಿದ.

ಯಾರಿಗೆ ಏನು ಕಾಣಬೇಕು ಎಂಬುದನ್ನೂ ಅವನೇ ತೀರ್ಮಾನಿಸಿದಂತಿದೆ. ಕಳಿಂಗದ ಸಾವುನೋವಿಗೆ ಮರುಗಿದ ಆ ಪ್ರಸಿದ್ಧ 13ನೇ ಶಾಸನ ಶಹಬಾಜ್‌ಗಢಿಯಲ್ಲಿದೆ, ಗಿರ್ನಾರದಲ್ಲಿದೆ. ಕಳಿಂಗ ನಾಡಿನಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಮಾತ್ರ ಅದನ್ನು ಕೆತ್ತಿಸಿಲ್ಲ.