ಮೇರಿ ಸ್ಲೆಸ್ಸರ್ ಅಮ್ಮನವರ ಚರಿತ್ರೆ

ತಂದೆತಾಯಿಗಳ ಮನೆಯು ದೇವರು ಮಕ್ಕಳಿಗೆ ಕೊಟ್ಟಿರುವ ಮೊದಲನೆಯ ಆಶ್ರಯವು. ಆ ಆಶ್ರಯವೇ ಮುರಿದುಬಿದ್ದರೆ ಮಗುವು ಎಲ್ಲಿಗೆ ಹೋಗಬೇಕು? ತಂದೆಯ ಕುಡಿಕತನದಿಂದ ಹಸಿದು ಮಲಗುವ ಮಕ್ಕಳು ನಮ್ಮ ಸಭೆಗಳಲ್ಲಿಯೂ ಇಲ್ಲದಿಲ್ಲ. ಅಂಥವರೂ ಅಂಥವರನ್ನು ಬಲ್ಲವರೂ ಈ ಚರಿತ್ರೆಯನ್ನು ಮನಸ್ಸಿಟ್ಟು ಓದಲಿ.

ಮೇರಿಯು ೧೮೪೮ನೆಯ ಇಸವಿ ದಶಂಬರ ೨ನೆಯ ತಾರೀಖಿನಲ್ಲಿ ಸ್ಕಾಟ್ಲೆಂಡ್ ದೇಶದ ಅಬರ್ಡೀನ್ ಪಟ್ಟಣದಲ್ಲಿ ಹುಟ್ಟಿದಳು. ಏಳು ಮಂದಿ ಮಕ್ಕಳಲ್ಲಿ ಇವಳು ಎರಡನೆಯವಳು. ತಂದೆಯಾದ ರಾಬರ್ಟನು ಪಾದರಕ್ಷೆ ಹೊಲಿಯುವವನು. ತಾಯಿಯು ನೆಯಿಗೆಯವಳೂ ದೇವಭಕ್ತೆಯೂ ಆಗಿದ್ದಳು. ತಂದೆಯು ಕುಡಿತಕ್ಕೆ ಬಿದ್ದು ಕೆಲಸವನ್ನು ಕಳಕೊಂಡನು. ಹಳೆಯ ಸಂಗಾತಿಗಳನ್ನು ಬಿಟ್ಟರೆ ಹಳೆಯ ದುರಭ್ಯಾಸವೂ ಬಿಡುವದೆಂಬ ನಿರೀಕ್ಷೆಯಿಂದ ಕುಟುಂಬದವರು ೧೮೫೯ರಲ್ಲಿ ಡಂಡೀ ಪಟ್ಟಣಕ್ಕೆ ಹೋಗಿ ನೆಲೆಸಿದರು. ಆದರೆ ಊರು ಬದಲಾಯಿತೇ ಹೊರತು ಮನಸ್ಸು ಬದಲಾಗಲಿಲ್ಲ.

ಮೇರಿಯು ಹನ್ನೊಂದನೆಯ ವರುಷದಲ್ಲಿ ಗಿರಣಿಗೆ ಸೇರಿದಳು. ಅರ್ಧ ದಿವಸ ಕೆಲಸ, ಅರ್ಧ ದಿವಸ ಗಿರಣಿಯ ಶಾಲೆ. ಹದಿನಾಲ್ಕು ವರುಷವಾಗುವಾಗ ಬೆಳಿಗ್ಗೆ ೬ ಗಂಟೆಯಿಂದ ಸಾಯಂಕಾಲ ೬ ಗಂಟೆಯ ವರೆಗೆ ಮಗ್ಗದ ಮುಂದೆ ನಿಲ್ಲುವವಳಾದಳು. ಕೂಲಿಯನ್ನು ತಂದು ತಾಯಿಯ ಕೈಗೆ ಕೊಡುವಳು.

ಕೂಲಿ ಬರುವ ಶನಿವಾರದ ರಾತ್ರಿಯು ಬೇರೆ ಮನೆಗಳಿಗೆ ಸಂತೋಷದ್ದು, ಈ ಮನೆಗಾದರೋ ಭಯದ್ದು. ತಾಯಿಯೂ ಮಗಳೂ ತಮ್ಮ ಊಟದಲ್ಲಿ ಕಡಿಮೆ ಮಾಡಿಕೊಂಡು ತಂದೆಗೋಸ್ಕರ ಪಾಲನ್ನು ಎತ್ತಿಟ್ಟು ಕಾದಿರುವರು. ಅವನು ಕುಡಿದು ಬಂದು ಅದನ್ನು ಬೆಂಕಿಗೆ ಎಸೆಯುವನು. ಕೆಲವು ಸಾರಿ ಮೇರಿಯು ಬೀದಿಗೆ ತಳ್ಳಲ್ಪಟ್ಟು ಕತ್ತಲಲ್ಲಿ ಒಬ್ಬಳೇ ಅಳುತ್ತಾ ಅಲೆದಾಡಿದಳು. ಮನೆಯ ವಸ್ತುಗಳನ್ನು ಒತ್ತೆಯಿಡುವದಕ್ಕೂ ಅವಳೇ ಹೋಗಬೇಕಾಗಿತ್ತು. ಇದೆಲ್ಲವನ್ನು ನೆರೆಯವರಿಗೆ ತಿಳಿಯದಂತೆ ತಾಯಿಮಗಳು ಮುಚ್ಚಿಟ್ಟು ನುಂಗಿಕೊಂಡರು. ಆದರೂ ಮರುವಾರವೂ ತಂದೆಯ ಪಾಲು ಎತ್ತಿಡಲ್ಪಡುತ್ತಿತ್ತು. ಬೆಂಕಿಗೆ ಬೀಳುವದೆಂದು ತಿಳಿದೂ ಎತ್ತಿಟ್ಟ ಆ ಅನ್ನದಲ್ಲಿ ಕ್ಷಮೆಯ ಮೊದಲನೆಯ ಪಾಠವು ಅಡಗಿತ್ತು.

ನೆರೆಯಲ್ಲಿದ್ದ ಒಬ್ಬ ಮುದಿ ವಿಧವೆಯು ಮಕ್ಕಳನ್ನು ಒಲೆಯ ಬಳಿಗೆ ಕರೆದು ಪಾಪದ ವಿಷಯವಾಗಿಯೂ ರಕ್ಷಣೆಯ ವಿಷಯವಾಗಿಯೂ ಎಚ್ಚರಿಸುವದುಂಟು. ಇದರಿಂದ ಮೇರಿಯ ಮನಸ್ಸು ತಿರುಗಿ ಅವಳು ಕರ್ತನಿಗೆ ತನ್ನನ್ನು ಒಪ್ಪಿಸಿದಳು. ಮಗ್ಗದ ಮೇಲೆ ಪುಸ್ತಕವನ್ನಿಟ್ಟುಕೊಂಡು ಬಿಡುವಾದಾಗ ಓದಿ ಜ್ಞಾನವನ್ನು ಹೆಚ್ಚಿಸಿಕೊಂಡಳು. ಬಡವರ ಕೇರಿಯಲ್ಲಿ ಮಕ್ಕಳಿಗೆ ಬೋಧಿಸತೊಡಗಿದಾಗ ಪುಂಡ ಹುಡುಗರು ಅವಳನ್ನು ಸುತ್ತಿಕೊಂಡರು. ಅವರಲ್ಲಿ ಒಬ್ಬನು ಹಗ್ಗಕ್ಕೆ ಸೀಸದ ಗುಂಡನ್ನು ಕಟ್ಟಿ ಅವಳ ತಲೆಯ ಸುತ್ತಲೂ ಬೀಸುತ್ತಾ ಹಣೆಯ ಹತ್ತಿರಕ್ಕೆ ತಂದನು. ಅವಳು ಕದಲಲಿಲ್ಲ. ಅವನು ಬೆರಗಾಗಿ ಗುಂಡನ್ನು ಕೆಳಗಿಟ್ಟು ತನ್ನ ಜೊತೆಗಾರರೊಂದಿಗೆ ಕೂಟಕ್ಕೆ ಬಂದನು. ಮನೆಯಲ್ಲಿ ಭಯವನ್ನು ಎದುರಿಸಲು ಕಲಿತವಳಿಗೆ ಬೀದಿಯ ಭಯವು ದೊಡ್ಡದಾಗಿರಲಿಲ್ಲ.

ತಂದೆಯು ತೀರಿಹೋದ ಮೇಲೆ ಮನೆಯ ಭಾರವೆಲ್ಲ ಮೇರಿಯ ಮೇಲೆ ಬಿತ್ತು. ೧೮೭೪ರಲ್ಲಿ ಲಿವಿಂಗ್‌ಸ್ಟನ್ ದೊರೆಯವರ ಮರಣದ ವರ್ತಮಾನವು ಬಂದಾಗ ಆಫ್ರಿಕ ಖಂಡದ ಸೇವೆಗೆ ಹೋಗಬೇಕೆಂಬ ಆಶೆಯು ಆಕೆಯಲ್ಲಿ ಬಲವಾಯಿತು. ೧೮೭೬ನೆಯ ಇಸವಿ ಆಗಸ್ಟ್ ೫ನೆಯ ತಾರೀಖಿನಲ್ಲಿ ಲಿವರ್‌ಪೂಲ್ ರೇವಿನಿಂದ ಹಡಗು ಹತ್ತಿ ಕಲಬಾರಿಗೆ ಹೊರಟಳು. ಆ ಸೀಮೆಯು ಈಗಿನ ನೈಜೀರಿಯ ದೇಶಕ್ಕೆ ಸೇರಿದೆ. ಅದೇ ಹಡಗಿಗೆ ಸಾರಾಯಿಯ ಪೀಪಾಯಿಗಳು ಏರಿಸಲ್ಪಡುವದನ್ನು ನೋಡಿ ಆಕೆಯ ಹೃದಯವು ನೊಂದಿತು. ತನ್ನ ತಂದೆಯ ಮನೆಯನ್ನು ಕೆಡಿಸಿದ ಶತ್ರುವೇ ತನ್ನೊಂದಿಗೆ ಪ್ರಯಾಣ ಮಾಡುತ್ತಿತ್ತಲ್ಲಾ!

ಕಲಬಾರಿನಲ್ಲಿ ಅಮ್ಮನವರು ಎಫಿಕ್ ಭಾಷೆಯನ್ನು ಚೆನ್ನಾಗಿ ಕಲಿತು, ಊರವರ ಆಹಾರವನ್ನೇ ತಿಂದು, ತಮ್ಮ ಸಂಬಳದಲ್ಲಿ ಬಹಳ ಪಾಲನ್ನು ತಾಯಿಗೆ ಕಳುಹಿಸುತ್ತಿದ್ದರು. ಆ ಜನರಲ್ಲಿ ಅವಳಿ ಮಕ್ಕಳು ಹುಟ್ಟಿದರೆ ಒಂದು ದುರಾತ್ಮನ ಸಂತಾನವೆಂದು ನಂಬಿ, ಎರಡನ್ನೂ ಕೊಲ್ಲುವರು ಇಲ್ಲವೆ ಕಾಡಿನಲ್ಲಿ ಎಸೆಯುವರು. ತಾಯಿಯನ್ನು ಊರಿಂದ ಹೊರಗೆ ಹಾಕುವರು. ಅಮ್ಮನವರು ಅಂಥ ಕೂಸುಗಳನ್ನು ಹುಡುಕಿ ತಂದು ತಮ್ಮ ಮನೆಯಲ್ಲಿ ಸಾಕಿದರು. ೧೮೮೮ರಲ್ಲಿ ಒಕೊಯಾಂಗ್ ಸೀಮೆಗೆ ಹೋಗಿ, ಕುಡಿದು ಆಯುಧ ಹಿಡಿದು ಹೊಡೆದಾಡುವವರ ನಡುವೆ ಒಬ್ಬರೇ ನಿಂತು ಜಗಳ ಬಿಡಿಸಿದರು. ೧೮೯೨ರಲ್ಲಿ ಸರಕಾರದವರು ಅಲ್ಲಿಯ ನ್ಯಾಯವಿಚಾರಣೆಯನ್ನು ಅವರಿಗೆ ಒಪ್ಪಿಸಿದರು. ಜನರು ಅವರನ್ನು ತಾಯಿಯೆಂದೇ ಕರೆದರು.

ಅವರು ಸಾಕಿದವರಲ್ಲಿ ಜೇನಿ ಎಂಬವಳು ಅವಳಿಗಳಲ್ಲಿ ಒಬ್ಬಳು. ಒಡಹುಟ್ಟಿದ ಗಂಡು ಕೂಸು ಕೊಲ್ಲಲ್ಪಟ್ಟಿತ್ತು. ಒಂದು ದಿನ ಆಕೆಯ ತಂದೆಯು ಅಮ್ಮನವರಿಗೆ ಸಿಕ್ಕಿದನು. ಮಗಳನ್ನು ನೋಡಲು ಬಾರೆಂದರೆ ನಡುಗಿದನು. ಅಮ್ಮನವರು ಅವನನ್ನು ಬಯ್ಯಲಿಲ್ಲ. ದೂರದಲ್ಲಿ ನಿಂತು ನೋಡಿದರೆ ಸಾಕೆಂದು ಕರತಂದರು. ಆಮೇಲೆ ಮಗುವನ್ನು ಕರೆದು ತಂದೆಯನ್ನು ಅಪ್ಪಿಕೊಳ್ಳಹೇಳಿದರು. ಆ ಎಳೆಯ ಕೈಗಳು ಕೊರಳನ್ನು ಸುತ್ತಿದಾಗ ಅವನ ಭಯವು ಕರಗಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡನು. ಆ ಮೇಲೆ ಅವಳಿಗೆ ತಿನಿಸುಗಳನ್ನು ತರುವವನಾದನು.

ಪ್ರಿಯ ವಾಚಕರೇ, ತನ್ನ ಸ್ವಂತ ತಂದೆಯಿಂದ ಬೀದಿಗೆ ತಳ್ಳಲ್ಪಟ್ಟವರೇ ಮತ್ತೊಬ್ಬಳ ತಂದೆಯನ್ನು ಮಗಳ ಬಳಿಗೆ ಕೈಹಿಡಿದು ತಂದರು. ಕ್ಷಮಿಸುವದೆಂದರೆ ಕೆಟ್ಟದ್ದನ್ನು ಒಳ್ಳೇದೆನ್ನುವದಲ್ಲ. ಅಮ್ಮನವರು ಸಾರಾಯಿಯನ್ನೂ ಶಿಶುಹತ್ಯವನ್ನೂ ಕಡೆಯ ವರೆಗೆ ಎದುರಿಸಿದರು. ಆದರೆ ಕುಡಿದವನನ್ನೂ ಕೂಸನ್ನು ಎಸೆದವನನ್ನೂ ತಳ್ಳಿಬಿಡಲಿಲ್ಲ. ಪಾಪವನ್ನು ದ್ವೇಷಿಸಿ ಪಾಪಿಯನ್ನು ಪ್ರೀತಿಸಿದ ಕರ್ತನಿಂದಲೇ ಅವರು ಇದನ್ನು ಕಲಿತರು.

೧೯೧೫ನೆಯ ಇಸವಿ ಜನವರಿ ೧೩ನೆಯ ತಾರೀಖಿನಲ್ಲಿ ಅಮ್ಮನವರು ತಮ್ಮ ೬೬ನೆಯ ವಯಸ್ಸಿನಲ್ಲಿ ತಾವು ಸಾಕಿದ ಹೆಣ್ಣುಮಕ್ಕಳ ನಡುವೆ ನಿದ್ರೆಹೋದರು. ಅವರ ಶರೀರವು ಕಲಬಾರಿನಲ್ಲಿ ಹೂಣಲ್ಪಟ್ಟಿದೆ.

ತಂದೆಯಾದವನೇ, ನಿನ್ನ ಮಗುವಿನ ಪಾಲನ್ನು ನೀನು ಹೆಂಡದಂಗಡಿಗೆ ಕೊಡುತ್ತೀಯೋ? ಇಂದೇ ತಿರುಗಿಕೋ, ಮನೆಯಲ್ಲಿ ನಿನಗಾಗಿ ಇನ್ನೂ ಅನ್ನವನ್ನು ಎತ್ತಿಟ್ಟಿರಬಹುದು. ನೊಂದ ಮಗುವೇ, ನಿನ್ನ ಮನೆಯ ಕತ್ತಲೆಯು ನಿನ್ನ ಬಾಳಿನ ಕಡೆಯ ಮಾತಲ್ಲ. ಪರಲೋಕದ ತಂದೆಯು ಬಾಗಿಲು ಮುಚ್ಚುವವನಲ್ಲ. ನಿನ್ನ ಕಷ್ಟವನ್ನು ಒಬ್ಬಳೇ, ಒಬ್ಬನೇ ಹೊತ್ತುಕೊಳ್ಳದೆ ಸಭೆಯಲ್ಲಿರುವ ನಂಬಿಗಸ್ತರಾದ ಹಿರಿಯರಿಗೆ ತಿಳಿಸು. ಸಭೆಯವರೇ, ರಾತ್ರಿಯಲ್ಲಿ ಬೀದಿಗೆ ಬಂದ ಕೂಸಿಗೆ ನಿಮ್ಮ ಒಲೆಯ ಬಳಿಯಲ್ಲಿ ಸ್ಥಳವಿರಲಿ. ಆ ಮುದಿ ವಿಧವೆಯ ಒಲೆಯ ಬಳಿಯಿಂದಲೇ ಒಬ್ಬ ತಾಯಿಯು ಆಫ್ರಿಕಕ್ಕೆ ಹೊರಟಳೆಂಬದನ್ನು ಮರೆಯಬೇಡಿರಿ.