ಗಿರಣಿ ಕಾರ್ಮಿಕನ ಮಗ, ಯೇನಾದ ಎರ್ನ್ಸ್ಟ್ ಅಬೆ

ಭೌತಶಾಸ್ತ್ರ ಓದಿದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೇನು ಸಿಗುತ್ತದೆ ಎಂದು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತೇವೆ. ಜರ್ಮನಿಯ ಯೇನಾ ಪಟ್ಟಣಕ್ಕೆ ಫೋಟಾನಿಕ್ಸ್ ಎಂ.ಎಸ್ಸಿ. ಓದಲು ಹೋಗುವ ಮಕ್ಕಳು ಸೇರುವ ಶಾಲೆಗೆ ಎರ್ನ್ಸ್ಟ್ ಅಬೆ ಅವರ ಹೆಸರಿದೆ. ಅವರ ಬದುಕೇ ಈ ಪ್ರಶ್ನೆಗೆ ಉತ್ತರ.

ಅಬೆ ಹುಟ್ಟಿದ್ದು 1840ರಲ್ಲಿ, ಐಸೆನಾಖ್‌ನಲ್ಲಿ. ತಂದೆ ನೂಲಿನ ಗಿರಣಿಯಲ್ಲಿ ದಿನಕ್ಕೆ 14ರಿಂದ 16 ಗಂಟೆ ದುಡಿಯುತ್ತಿದ್ದರು. ಬುತ್ತಿ ಒಯ್ಯುತ್ತಿದ್ದ ಹುಡುಗ, ತಂದೆ ನಿಂತೇ ಉಣ್ಣುವುದನ್ನು ಕಂಡಿದ್ದ. ಗಿರಣಿ ಮಾಲೀಕರ ನೆರವಿನಿಂದ ಓದು ಮುಂದುವರಿದು, 1861ರಲ್ಲಿ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಸಿಕ್ಕಿತು.

1866ರಲ್ಲಿ ಯೇನಾದ ಸೂಕ್ಷ್ಮದರ್ಶಕ ತಯಾರಕ ಕಾರ್ಲ್ ಝೈಸ್ ಅವರು ಅಬೆಯನ್ನು ಜೊತೆಗೂಡಿಸಿಕೊಂಡರು. ಆಗ ಮಸೂರಗಳನ್ನು ಕೈಚಳಕದಿಂದ, ಮತ್ತೆ ಮತ್ತೆ ತಿದ್ದಿ ಮಾಡುತ್ತಿದ್ದರು. ಅಬೆ ಮೊದಲೇ ಲೆಕ್ಕ ಹಾಕಿ ಮಾಡಿಸಿದ ಮಸೂರಗಳು ಹಳೆಯವಕ್ಕಿಂತ ಕಳಪೆಯಾದವು! ಕಾರಣ ಹುಡುಕಿದಾಗ, ದೋಷ ತಗ್ಗಿಸಲು ಬೆಳಕಿನ ದಾರಿಯನ್ನು ಕಿರಿದು ಮಾಡಿದ್ದೇ ತಪ್ಪು ಎಂದು ತಿಳಿಯಿತು. ಬೆಳಕು ಎಷ್ಟು ಅಗಲವಾಗಿ ಒಳಬರುತ್ತದೋ ಅಷ್ಟು ಸೂಕ್ಷ್ಮ ವಿವರ ಕಾಣುತ್ತದೆ. ಆದರೂ ಬೆಳಕಿನ ಅಲೆಯ ಉದ್ದ ಅದಕ್ಕೊಂದು ಮಿತಿ ಹಾಕುತ್ತದೆ. 1873ರಲ್ಲಿ ಪ್ರಕಟವಾದ ಈ ನಿಯಮವನ್ನು ಇಂದಿಗೂ ಪಾಠ ಮಾಡುತ್ತಾರೆ. ಒಳ್ಳೆಯ ಗಾಜಿಗಾಗಿ ಒಟ್ಟೊ ಶಾಟ್ ಅವರ ಜೊತೆ 1884ರಲ್ಲಿ ಯೇನಾದಲ್ಲೇ ಗಾಜಿನ ಪ್ರಯೋಗಶಾಲೆ ಶುರುವಾಯಿತು.

ಲೆಕ್ಕಪತ್ರ ನೋಡುವ ನಮಗೆ ಅಚ್ಚರಿ ತರುವುದು ಮುಂದಿನ ಭಾಗ. ಝೈಸ್ ತೀರಿಕೊಂಡ ಮರುವರ್ಷ, 1889ರಲ್ಲಿ, ಅಬೆ ಕಾರ್ಲ್ ಝೈಸ್ ಪ್ರತಿಷ್ಠಾನ ಸ್ಥಾಪಿಸಿದರು. 1891ರಲ್ಲಿ ತಮ್ಮ ಪಾಲನ್ನೂ ಅದಕ್ಕೇ ಬರೆದುಕೊಟ್ಟು, ಮಾಲೀಕರಾಗಿದ್ದವರು ಸಂಬಳಕ್ಕೆ ದುಡಿಯುವ ಆಡಳಿತಗಾರರಾದರು. 1896ರ ನಿಯಮಾವಳಿಯಲ್ಲಿ ಕಾರ್ಮಿಕರಿಗೆ ಸಂಬಳ ಸಹಿತ ರಜೆ, ಲಾಭದಲ್ಲಿ ಪಾಲು, ಪಿಂಚಣಿ ಸೇರಿದವು. ಮೇಲಧಿಕಾರಿಯ ಸಂಬಳ ಕಾರ್ಮಿಕರ ಸರಾಸರಿ ಗಳಿಕೆಯ ಹತ್ತು ಪಟ್ಟು ಮೀರಬಾರದೆಂಬ ಕಟ್ಟಳೆಯೂ ಇತ್ತು. 1900ರಲ್ಲಿ ಕಾರ್ಖಾನೆಗೆ ಎಂಟು ಗಂಟೆಯ ದಿನ ಬಂತು. ಅಪ್ಪ ದುಡಿಯುತ್ತಿದ್ದುದರಲ್ಲಿ ಹೆಚ್ಚುಕಡಿಮೆ ಅರ್ಧ.

1905ರ ಜನವರಿ 14ರಂದು ಅಬೆ ಯೇನಾದಲ್ಲೇ ತೀರಿಕೊಂಡರು. ಝೈಸ್ ಕಂಪನಿಯ ಒಡೆತನ ಇಂದಿಗೂ ಆ ಪ್ರತಿಷ್ಠಾನದ್ದೇ. ಅದರ ಭಾರತದ ಮುಖ್ಯ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿ.